ಕೈ ಇಲ್ಲದೆ ನುಡಿಯುವ ಪೇಟಿ

ಬಸವನ ಬಾಗೇವಾಡಿ ಸೀಮೆಯ ಎಷ್ಟೋ ಗುಡಿಗಳಲ್ಲಿ ಈಗ ಮಂಗಳಾರತಿಗೆ ನಗಾರಿ ಬಾರಿಸಲು ಆಳು ಬೇಕಿಲ್ಲ. ಪೂಜಾರಿ ಸ್ವಿಚ್ ಒತ್ತಿದರಾಯಿತು. ಒಂದೇ ಮೋಟಾರು ನಗಾರಿ, ಜಾಗಟೆ, ಗಂಟೆ ಎಲ್ಲವನ್ನೂ ಬಡಿದು ಮುಗಿಸುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಒಂದೇ ಲಯ. ಬಡಿತಗಳೆಲ್ಲ ಒಂದೇ ದಂಡಕ್ಕೆ ಕಟ್ಟುಬಿದ್ದಿವೆ. ಹಾಡು ನುಡಿಸಬೇಕೆಂದರೆ ಒಂದೊಂದು ಸ್ವರಕ್ಕೂ ಬೇರೆ ಬೇರೆ ಅಪ್ಪಣೆ ಕೊಡಬೇಕು. ಹಾಗೆ ಅಪ್ಪಣೆ ಪಡೆದು ಗಾಳಿಯಿಂದ ನುಡಿಯುವ ಯಂತ್ರವೇ ಸ್ವಯಂಚಾಲಿತ ಆರ್ಗನ್. ಅದನ್ನು ಮನೆಯಲ್ಲೇ ಕಟ್ಟಿಕೊಳ್ಳುವ ಹವ್ಯಾಸಿಗಳು ಜಗತ್ತಿನಲ್ಲಿ ಸಾಕಷ್ಟಿದ್ದಾರೆ.

ಯಾಂತ್ರಿಕ ಆರ್ಗನ್ ಕನ್ನಡ ನಾಡಿಗೆ ಹೊಸದೇನಲ್ಲ. ಟಿಪ್ಪುವಿನ ಹುಲಿ ಎಂದರೆ ಬಿಳಿಯನ ಮೇಲೆರಗಿದ ಮರದ ಬೊಂಬೆ ಎಂದಷ್ಟೇ ಹಲವರ ನೆನಪು. ಅದರ ಹೊಟ್ಟೆಯಲ್ಲಿ ಇರುವುದು ಆರ್ಗನ್. ಭುಜದ ಬಳಿಯ ಹಿಡಿಕೆ ತಿರುವಿದರೆ ತಿದಿಗಳು ಗಾಳಿ ತುಂಬಿ ಹುಲಿ ಗುಟುರು ಹಾಕುತ್ತದೆ, ಕೆಳಗೆ ಬಿದ್ದವನು ಕೈ ಎತ್ತಿ ನರಳುತ್ತಾನೆ. ಪಕ್ಕೆಯ ಮುಚ್ಚಳ ತೆರೆದರೆ ದಂತದ 18 ಗುಂಡಿಗಳ ಸ್ವರಸಾಲು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಇದನ್ನು ಒಯ್ದರು. ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಬಂದವರೆಲ್ಲ ಹಿಡಿಕೆ ತಿರುವಿ ತಿರುವಿ, ಅಲ್ಲಿನ ಗ್ರಂಥಾಲಯದ ಓದುಗರು ರೋಸಿಹೋದರಂತೆ. ಟಿಪ್ಪು ಕೇಳಿದ್ದರೆ ಖುಷಿಪಡುತ್ತಿದ್ದನೇನೋ! 1880ರಿಂದ ಅದು ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಇವತ್ತು ಅದೇ ಹಿಡಿಕೆಯ ಜಾಗಕ್ಕೆ ಬ್ಲೋವರ್ ಬಂದಿದೆ, ಬೆರಳಿನ ಜಾಗಕ್ಕೆ ಸೊಲೆನಾಯ್ಡ್ ಎಂಬ ತಂತಿಸುರುಳಿ. ಪ್ರತಿ ಕೊಳವೆಯ ಬುಡದಲ್ಲಿ ತೊಗಲು ಅಂಟಿಸಿದ ಪುಟ್ಟ ಮುಚ್ಚಳ. ಸ್ಪ್ರಿಂಗ್ ಅದನ್ನು ಮುಚ್ಚಿ ಹಿಡಿದಿರುತ್ತದೆ, ತಂತಿಸುರುಳಿಗೆ ಕರೆಂಟು ಹರಿದಾಗ ತೆರೆಯುತ್ತದೆ. ಯಾವ ಮುಚ್ಚಳ ಯಾವಾಗ ತೆರೆಯಬೇಕೆಂದು ಹೇಳಲು ಆರ್ಡುಯಿನೋದಂಥ ಚಿಕ್ಕ ಬೋರ್ಡು ಸಾಕು. ಸ್ವರಗಳ ಲಿಪಿಗೆ 1983ರಲ್ಲಿ ಬಂದ ಮಿಡಿ ಪದ್ಧತಿ ಇದ್ದೇ ಇದೆ. ಸುರುಳಿಗೊಂದು ಡಯೋಡ್ ಹಾಕುವುದನ್ನು ಮರೆತರೆ ಟ್ರಾನ್ಸಿಸ್ಟರ್ ಸುಡುತ್ತದೆ. ಇದೆಲ್ಲ ಡಿಪ್ಲೊಮಾ ಓದುವ ಹುಡುಗರ ಕೈಗೆಟುಕುವ ಕೆಲಸ.

ಕಷ್ಟ ಇರುವುದು ಗಾಳಿಯಲ್ಲಿ. ಬ್ಲೋವರಿನ ಗಾಳಿ ನೇರವಾಗಿ ಕೊಳವೆಗೆ ಹೋದರೆ ಸ್ವರ ನಡುಗುತ್ತದೆ. ನಡುವೆ ತಿದಿಯಂಥ ಪೆಟ್ಟಿಗೆ ಇಟ್ಟು, ಅದರ ಮೇಲೆ ಇಟ್ಟಂಗಿಯ ಭಾರ ಹೇರಿ, ಪೆಟ್ಟಿಗೆ ತುಂಬಿದಾಗ ಒಳಬರುವ ಗಾಳಿ ತಾನೇ ಕಡಿಮೆಯಾಗುವಂತೆ ಮಾಡಬೇಕು. ಒತ್ತಡ ಅಳೆಯಲು ದುಬಾರಿ ಮೀಟರು ಬೇಡ; ಗೌಂಡಿಗಳು ಮಟ್ಟ ನೋಡುವ ನೀರಿನ ಪೈಪನ್ನು ಬಗ್ಗಿಸಿ, ಒಂದು ತುದಿಯನ್ನು ಪೆಟ್ಟಿಗೆಗೆ ಜೋಡಿಸಿ, ಎರಡು ಬದಿಯ ನೀರಿನ ಎತ್ತರದ ವ್ಯತ್ಯಾಸ ನೋಡಿದರೆ ಆಯಿತು. ಮೂರು-ನಾಲ್ಕು ಇಂಚು ಇದ್ದರೆ ಸಾಕು.

ಇನ್ನು ಕೊಳವೆ. ಪೇಟಿಯವರು ಬಿಳಿ ಒಂದು ಎನ್ನುವ ಸ್ವರಕ್ಕೆ ತುದಿ ಮುಚ್ಚಿದ ಕೊಳವೆ ಸುಮಾರು 33 ಸೆಂಟಿಮೀಟರ್, ತುದಿ ತೆರೆದದ್ದು ಅದರ ಎರಡರಷ್ಟು. ಮರದ ಹಲಗೆ ಅಂಟಿಸಿ ಚೌಕದ ಕೊಳವೆ ಮಾಡುವುದು ಬಡಗಿಗೆ ಸುಲಭ, ಬಾಯಿ ಕೊರೆಯುವುದು ಸುಲಭವಲ್ಲ. ಬಾಯಿಯ ಎತ್ತರ ಕಡಿಮೆಯಾದರೆ ಸ್ವರ ಮೇಲಕ್ಕೆ ಹಾರುತ್ತದೆ, ಹೆಚ್ಚಾದರೆ ಬರೀ ಉಸಿರು. ಕೊರೆದ ಮರ ಮರಳಿ ಅಂಟುವುದಿಲ್ಲವಾದ್ದರಿಂದ ಊದಿ ನೋಡುತ್ತ, ಸ್ವಲ್ಪ ಸ್ವಲ್ಪವೇ ಕೆತ್ತಬೇಕು.

ವಿಜಯಪುರ ಜಿಲ್ಲೆಯ ಬಿಸಿಲು ಇಲ್ಲಿ ಇನ್ನೊಂದು ಆಟ ಆಡುತ್ತದೆ. ಬೆಳಗಿನ 20 ಡಿಗ್ರಿಯಲ್ಲಿ ಶ್ರುತಿ ಮಾಡಿದ ಕೊಳವೆಗಳು ಮಧ್ಯಾಹ್ನದ 40ಕ್ಕೆ ಏರುವ ಹೊತ್ತಿಗೆ, ಶಬ್ದದ ವೇಗ ಹೆಚ್ಚಿ, ಬಿಳಿ ಒಂದಕ್ಕೂ ಕರಿ ಒಂದಕ್ಕೂ ನಡುವಿನ ಅಂತರದ ಅರ್ಧಕ್ಕಿಂತ ತುಸು ಹೆಚ್ಚೇ ಏರಿರುತ್ತವೆ. ಎಲ್ಲ ಕೊಳವೆಗಳೂ ಒಟ್ಟಿಗೆ ಏರುವುದರಿಂದ ಒಂಟಿಯಾಗಿ ಕೇಳಿದರೆ ತಪ್ಪು ತಿಳಿಯದು. ಪಕ್ಕದಲ್ಲಿ ಪೇಟಿ ಹಿಡಿದು ಕೂತರೆ ಗುಟ್ಟು ರಟ್ಟು, ಏಕೆಂದರೆ ಪೇಟಿಯ ಹಿತ್ತಾಳೆ ರೀಡುಗಳು ಬಿಸಿಲಿಗೆ ಅಷ್ಟಾಗಿ ಕದಲುವುದಿಲ್ಲ. ಹಾಗಾಗಿ ಮುಚ್ಚಿದ ಕೊಳವೆಗಳ ತುದಿಗೆ ಜಾರುವ ಬಿರಡೆ ಇಡುವುದೇ ಒಳ್ಳೆಯದು. ಒಳಕ್ಕೆ ತಳ್ಳಿದರೆ ಸ್ವರ ಏರುತ್ತದೆ, ಹೊರಕ್ಕೆಳೆದರೆ ಇಳಿಯುತ್ತದೆ.

ಸ್ಪೀಕರಿನಿಂದ ಇದೇ ಧ್ವನಿ ಬರಿಸಬಹುದಲ್ಲ ಎಂದು ಕೇಳುವವರುಂಟು. ಬರಿಸಬಹುದು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲೇ ಎಲೆಕ್ಟ್ರಾನಿಕ್ ತಂಬೂರಿ ಮಾಡಿ, ಗಾಯಕರ ಪ್ರಯಾಣದ ಹೊರೆ ಇಳಿಸಿದರು. ಆದರೆ ಮರದ ಬಾಯಲ್ಲಿ ಗಾಳಿ ಸೀಳುವಾಗ ಸ್ವರದ ಮುಂಚೆ ಬರುವ ಸಣ್ಣ ಸಿಳ್ಳು ನನಗಂತೂ ಸ್ಪೀಕರಿನಲ್ಲಿ ರುಚಿಸದು.

ಮೊದಲ ಸಲ ಕಟ್ಟುವವರು ಒಂದು ಸಪ್ತಕದ 13 ಕೊಳವೆಗಳಿಗೆ ತೃಪ್ತರಾಗಬೇಕು. ಬ್ಲೋವರಿನ ಗುಂಯ್‌ಗುಡುವಿಕೆ ಹಾಡನ್ನು ನುಂಗದಂತೆ ಅದನ್ನು ಪಕ್ಕದ ಕೋಣೆಗೆ ಅಟ್ಟಿ, ಪೈಪಿನಲ್ಲಿ ಗಾಳಿ ತರಬೇಕು. ಕರೆಂಟು ಹೋದರೆ? ಸೊಲೆನಾಯ್ಡ್‌ಗಳು 12 ವೋಲ್ಟಿನವಾದರೆ ಬೈಕಿನ ಬ್ಯಾಟರಿಯಲ್ಲಿ ನಡೆಯುತ್ತವೆ. ಗಾಳಿಗೆ ಮಾತ್ರ ನಾಟಕ ಕಂಪನಿಯ ಲೆಗ್ ಹಾರ್ಮೋನಿಯಂ ಮಾಸ್ತರರ ಹಾಗೆ ಯಾರಾದರೂ ಕೂತು ತುಳಿಯಬೇಕು.