ಬೇಲ್ ನಮ್ಮದು, ರೇಟು ಅವರದು



ಹಾಸ್ಟೆಲ್‌ನಲ್ಲಿ ರಾತ್ರಿ ಹತ್ತರ ಮೇಲೆ ಒಂದು ಮಾತು ಬಂದೇ ಬರುತ್ತೆ: "ಮಗಾ, ಒಂದು ಚಾನೆಲ್ ಶುರು ಮಾಡೋಣ, ಆಡ್‌ನಿಂದ ದುಡ್ಡು ಬರುತ್ತೆ." ಸಾಮಾನ್ಯವಾಗಿ ಆ ಮಾತು ಬೆಳಿಗ್ಗೆ ಟಿಫನ್ ಹೊತ್ತಿಗೆ ಮರೆತುಹೋಗುತ್ತೆ. ನಾವು ನಾಲ್ಕು ಜನ ಮರೆಯಲಿಲ್ಲ. ಹಾಸನದವನು, ಹೊಳೆನರಸೀಪುರದವನು, ಅರಕಲಗೂಡಿನವನು, ಚನ್ನರಾಯಪಟ್ಟಣದವನು. ರೂಮಿನಲ್ಲಿ ನಮ್ಮನ್ನು ಹೆಸರಿಗಿಂತ ಊರಿನಿಂದಲೇ ಕರೆಯೋದು, ಇಲ್ಲೂ ಹಾಗೇ ಬರೆಯುತ್ತೇವೆ. ಫಸ್ಟ್ ಇಯರ್‌ನಲ್ಲಿ ವಿಟಿಯು ನೋಟ್ಸ್‌ಗೆ ಒಂದು ವೆಬ್‌ಸೈಟ್, ನಮ್ಮ ಜಿಲ್ಲೆಯ ಜಾಗಗಳ ಬಗ್ಗೆ ಒಂದು ಯೂಟ್ಯೂಬ್ ಚಾನೆಲ್ ಶುರು ಮಾಡಿದೆವು.

ದುಡ್ಡು ಬಂತಾ ಅಂತ ಜೂನಿಯರ್ಸ್ ಕೇಳ್ತಾ ಇರ್ತಾರೆ. ಬಂತು, ಹೋಯ್ತು ಕೂಡ. ಎರಡೂ ಹೇಗೆ ಅನ್ನೋದನ್ನು ಒಂದು ಕಡೆ ಬರೆದಿಡೋಣ ಅಂತ ಈ ಲೇಖನ. ಓದಿದ್ದು ಇಂಗ್ಲಿಷ್ ಮೀಡಿಯಂ, ಭಾಷೆ ಸ್ವಲ್ಪ ಹಿಂದೆ ಮುಂದೆ ಆದರೆ ಕ್ಷಮಿಸಿ.

ಹರಾಜು ಹೇಗೆ ನಡೆಯುತ್ತೆ?

ಅರಕಲಗೂಡಿನವನ ಮನೆಯಲ್ಲಿ ತಂಬಾಕು ಬೆಳೀತಾರೆ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಬೇಲ್‌ಗಳನ್ನು ತಗೊಂಡು ಹೋದರೆ ಒಂದೊಂದು ಬೇಲ್‌ಗೂ ಅದರದೇ ರೇಟು. ಎಲೆಯ ಗ್ರೇಡ್ ನೋಡಿ ಕಂಪನಿಯವರು ಬಿಡ್ ಮಾಡ್ತಾರೆ. ವರ್ಷವೆಲ್ಲ ಕಷ್ಟಪಟ್ಟಿದ್ದು ರೈತ, ರೇಟು ಹೇಳೋದು ಕೊಳ್ಳುವವರು. ಆನ್‌ಲೈನ್ ಜಾಹೀರಾತನ್ನು ಅವನು ನಮಗಿಂತ ಬೇಗ ಅರ್ಥ ಮಾಡಿಕೊಂಡಿದ್ದು ಇದೇ ಕಾರಣಕ್ಕೆ.

ನೀವು ಒಂದು ಪೇಜ್ ಓಪನ್ ಮಾಡ್ತೀರಿ. ಅದು ಲೋಡ್ ಆಗುವಷ್ಟರಲ್ಲಿ ನಿಮ್ಮ ಬ್ರೌಸರ್ ಜಾಹೀರಾತು ಸರ್ವರ್‌ಗೆ ಒಂದು ರಿಕ್ವೆಸ್ಟ್ ಕಳಿಸುತ್ತೆ. ನೋಡುವವರು ಯಾವ ಊರಿನವರು, ಪೇಜ್ ಯಾವ ಭಾಷೆಯದು, ವಿಷಯ ಏನು, ಮೊಬೈಲಾ ಲ್ಯಾಪ್‌ಟಾಪಾ ಅನ್ನೋ ಮಾಹಿತಿ ಅದರಲ್ಲಿರುತ್ತೆ. ಜಾಹೀರಾತುದಾರರ ಪರವಾಗಿ ಸಾಫ್ಟ್‌ವೇರ್‌ಗಳು ಆ ಖಾಲಿ ಜಾಗಕ್ಕೆ ಬಿಡ್ ಮಾಡುತ್ತವೆ, ಗೆದ್ದವರ ಜಾಹೀರಾತು ನಿಮಗೆ ಕಾಣುತ್ತೆ. ಎಲ್ಲ ಮುಗಿಯೋದು ಒಂದು ಸೆಕೆಂಡಿಗೂ ಕಡಿಮೆ ಹೊತ್ತಲ್ಲಿ. ಇಲ್ಲಿ ಹರಾಜಿಗೆ ಬಂದಿರುವ ಬೇಲ್ ನಮ್ಮ ನೋಟ್ಸ್ ಅಲ್ಲ, ಓದುವವರ ಗಮನ. ನೋಟ್ಸ್ ಅದನ್ನು ಹಿಡಿದು ತರುವ ಗಾಡಿ ಅಷ್ಟೇ.

ಗೂಗಲ್ ಜಾಹೀರಾತು ಕೊಡುವವರಿಗಾಗಿ ಆಡ್‌ವರ್ಡ್ಸ್ ಶುರು ಮಾಡಿದ್ದು 2000ದಲ್ಲಿ. ನಮ್ಮಂಥವರ ಸೈಟಿನಲ್ಲೂ ಆ ಜಾಹೀರಾತು ತೋರಿಸಿ ಪಾಲು ಕೊಡುವ ಆಡ್‌ಸೆನ್ಸ್ ಬಂದದ್ದು 2003ರಲ್ಲಿ. ಸೈಟುಗಳ ಜಾಹೀರಾತಿನಲ್ಲಿ ಸುಮಾರು 68% ಸೈಟಿನವರಿಗೆ ಸೇರುತ್ತೆ. ಯೂಟ್ಯೂಬ್‌ನ ಉದ್ದ ವಿಡಿಯೊಗಳಲ್ಲಿ ನಮ್ಮ ಪಾಲು 55%, ಶಾರ್ಟ್ಸ್‌ನಲ್ಲಿ 45%. ಮೊದಲು ಆಡ್‌ಸೆನ್ಸ್‌ನಲ್ಲಿ ಕ್ಲಿಕ್ ಆದರೆ ದುಡ್ಡು ಅನ್ನೋದೇ ಮುಖ್ಯ ಲೆಕ್ಕವಾಗಿತ್ತು. 2024ರಿಂದ ಜಾಹೀರಾತು ಎಷ್ಟು ಸಲ ಕಾಣಿಸಿತು ಅನ್ನೋದರ ಮೇಲೆ ಲೆಕ್ಕ.

ಕ್ಯಾಲ್ಕುಲೇಟರ್ ತೆಗೀರಿ

ನೆನಪಿಡಬೇಕಾದ ಪದ ಒಂದೇ, ಆರ್‌ಪಿಎಂ. ಸಾವಿರ ವೀಕ್ಷಣೆಗೆ ನಮ್ಮ ಕೈಗೆ ಎಷ್ಟು ಅನ್ನೋ ಸಂಖ್ಯೆ ಅದು. ಇದು ಫಿಕ್ಸ್ ಅಲ್ಲ, ದಿನಾ ಬದಲಾಗುತ್ತೆ. ಲೆಕ್ಕಕ್ಕೆ 20 ರೂಪಾಯಿ ಅಂತ ಇಟ್ಕೊಳ್ಳಿ. 10,000 ವೀಕ್ಷಣೆಗೆ 200 ರೂಪಾಯಿ ಆಯ್ತು. ಆಡ್‌ಸೆನ್ಸ್ ಬ್ಯಾಂಕಿಗೆ ದುಡ್ಡು ಕಳಿಸೋದು ಖಾತೆಯಲ್ಲಿ 100 ಡಾಲರ್ ಸೇರಿದ ಮೇಲೆ. ಡಾಲರಿಗೆ 85 ರೂಪಾಯಿ ಹಿಡಿದರೆ ಅದು 8,500 ರೂಪಾಯಿ. ಅಂದರೆ ಮೊದಲ ಪೇಮೆಂಟ್‌ಗೆ 4,25,000 ವೀಕ್ಷಣೆ ಬೇಕು. ಈ ಲೆಕ್ಕವನ್ನು ನಾವು ಮೊದಲ ದಿನವೇ ಮಾಡಬೇಕಿತ್ತು, ಮಾಡಿದ್ದು ಐದು ತಿಂಗಳ ನಂತರ.

ಯೂಟ್ಯೂಬ್‌ನಲ್ಲಿ ಅದಕ್ಕೂ ಮೊದಲು ಇನ್ನೊಂದು ಗೇಟ್ ಇದೆ. 2018ರಿಂದ ಜಾಹೀರಾತಿನ ಪಾಲು ಬೇಕಾದರೆ 1,000 ಸಬ್‌ಸ್ಕ್ರೈಬರ್ಸ್ ಮತ್ತು ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಇರಬೇಕು. 4,000 ಗಂಟೆ ಅಂದರೆ 2,40,000 ನಿಮಿಷ. ಒಬ್ಬರು ಸರಾಸರಿ 3 ನಿಮಿಷ ನೋಡಿದರೂ 80,000 ವೀಕ್ಷಣೆ ಆಗಬೇಕು. ಶಾರ್ಟ್ಸ್ ದಾರಿಯಲ್ಲಿ ಹೋದರೆ 90 ದಿನದಲ್ಲಿ 1 ಕೋಟಿ ವೀಕ್ಷಣೆ.

ಕನ್ನಡಕ್ಕೆ ರೇಟು ಯಾಕೆ ಕಡಿಮೆ ಅಂತ ನಮಗೆ ಮೊದಲು ಸಿಟ್ಟು ಬರ್ತಿತ್ತು. ಅದು ಭಾಷೆಯ ಮೇಲಿನ ಕೋಪವಲ್ಲ, ಹರಾಜಿನ ಲೆಕ್ಕ. ಬಿಡ್ ಮಾಡುವವರು ಕಡಿಮೆ ಇದ್ದರೆ ರೇಟು ಏರಲ್ಲ. ಆಡ್‌ಸೆನ್ಸ್‌ನಲ್ಲಿ ಹಿಂದಿಗೆ ಜಾಗ ಸಿಕ್ಕಿದ್ದೇ 2014ರ ಕೊನೆಯಲ್ಲಿ, ಕನ್ನಡದ ಸರದಿ ಅದಕ್ಕೂ ಎಷ್ಟೋ ವರ್ಷಗಳ ನಂತರ ಬಂತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದವಲ್ಲ, ಹಳೇಬೀಡಿನ ಬಗ್ಗೆ ಅದೇ ವಿಡಿಯೊವನ್ನು ಇಂಗ್ಲಿಷಿನಲ್ಲಿ ಮಾಡಿ ಅಮೆರಿಕದಲ್ಲಿ ಕೂತವರು ನೋಡಿದರೆ ಸಾವಿರ ವೀಕ್ಷಣೆಗೆ ಜಾಸ್ತಿ ಬರುತ್ತೆ. ಹಾಗೆ ಬಂದ ದುಡ್ಡಿನಲ್ಲಿ, ಟ್ಯಾಕ್ಸ್ ಫಾರ್ಮ್ ಸರಿಯಾಗಿ ತುಂಬಿದ ಭಾರತೀಯರಿಗೂ, 15% ಅಮೆರಿಕದ ತೆರಿಗೆಗೆ ಕಡಿತ ಆಗುತ್ತೆ ಅನ್ನೋದೂ ಗೊತ್ತಿರಲಿ.

ಏರಿದ್ದು

ನಮಗೆ ಒಳ್ಳೆ ಕಾಲವೂ ಬಂತು. ಹಾಸನಾಂಬೆ ದೇವಸ್ಥಾನದ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನಲ್ಲಿ ಕೆಲವೇ ದಿನ ತೆಗೆಯೋದು ನಿಮಗೆಲ್ಲ ಗೊತ್ತು. ಬಸ್ ಸ್ಟ್ಯಾಂಡಿನಿಂದ ಹೇಗೆ ಹೋಗಬೇಕು, ಕ್ಯೂ ಎಲ್ಲಿಂದ ಶುರು, ವಯಸ್ಸಾದವರನ್ನು ಕರೆದುಕೊಂಡು ಹೋದರೆ ಏನು ಗಮನಿಸಬೇಕು ಅಂತ ಹಾಸನದವನು ಎಂಟು ನಿಮಿಷದ ವಿಡಿಯೊ ಮಾಡಿದ. ಆ ವಾರ ನಮ್ಮ ಗ್ರಾಫ್ ಗೋಡೆ ಹತ್ತಿದ ಹಾಗೆ ಹತ್ತಿತು. ದಸರಾ, ದೀಪಾವಳಿ ಹೊತ್ತಲ್ಲಿ ಕಂಪನಿಗಳು ಜಾಹೀರಾತಿಗೆ ಹೆಚ್ಚು ಖರ್ಚು ಮಾಡೋದರಿಂದ ರೇಟೂ ಆಗಲೇ ಚೆನ್ನಾಗಿರುತ್ತೆ. ಬಾಗಿಲು ಮುಚ್ಚಿದ ಮೂರನೇ ದಿನಕ್ಕೆ ಗ್ರಾಫ್ ನೆಲಕ್ಕೆ ಬಂತು. ಶೆಟ್ಟಿಹಳ್ಳಿ ಚರ್ಚ್ ವಿಡಿಯೊ ಹಾಗಲ್ಲ. ಗೊರೂರು ಡ್ಯಾಮಿನ ಹಿನ್ನೀರಿನಲ್ಲಿ ಅದು ಮುಳುಗಿದಾಗಲೂ ಜನ ಹುಡುಕುತ್ತಾರೆ, ಎದ್ದಾಗಲೂ ಹುಡುಕುತ್ತಾರೆ. ದಿನಕ್ಕೆ ಸ್ವಲ್ಪ, ಆದರೆ ದಿನಾ.

ಖಾತೆಯಲ್ಲಿ 10 ಡಾಲರ್ ಆದಾಗ ಗೂಗಲ್ ನಮ್ಮ ವಿಳಾಸ ಖಚಿತಪಡಿಸಿಕೊಳ್ಳೋಕೆ ಪೋಸ್ಟಿನಲ್ಲಿ ಒಂದು ಪಿನ್ ಕಳಿಸುತ್ತೆ. ಇಷ್ಟೆಲ್ಲ ಡಿಜಿಟಲ್ ಆದಮೇಲೂ ಕೊನೆಗೆ ಬರೋದು ಕಾಗದದ ಪತ್ರ! ನಾವು ಕೊಟ್ಟಿದ್ದು ಅರಕಲಗೂಡಿನವನ ಊರಿನ ವಿಳಾಸ. ಎರಡು ತಿಂಗಳು ಕಾದು ಕಾದು ಸಾಕಾಗಿ ಅವನು ಊರಿಗೆ ಹೋದಾಗ, ಅಜ್ಜಿ ಆ ಪತ್ರವನ್ನು ರೇಷನ್ ಕಾರ್ಡ್ ಜೊತೆ ಜೋಪಾನವಾಗಿ ಎತ್ತಿಟ್ಟಿದ್ದರು. "ಸರ್ಕಾರದ್ದು ಇರ್ಬೇಕು ಅಂತ ತೆಗೀಲಿಲ್ಲ ಕಣಪ್ಪ" ಅಂದರಂತೆ.

ಇಳಿದದ್ದು

ವೆಬ್‌ಸೈಟಿನ ಕಥೆ ಬೇರೆ. ಅದರಲ್ಲಿ ಇನ್ನೊಂದು ಜಾಹೀರಾತು ಜಾಲ ಸೇರಿದ್ದೆವು, ಹೆಸರು ಬೇಡ, ಯಾಕಂದರೆ ತಪ್ಪು ನಮ್ಮದು. ಸೆಮಿಸ್ಟರ್ ಪರೀಕ್ಷೆ ಬಂದಾಗ ಸೈಟಿಗೆ ಜನ ಬರ್ತಿದ್ದರು, ಮುಗಿದ ಮರುದಿನ ಯಾರೂ ಇಲ್ಲ. ಬಂದವರಲ್ಲೂ ಎಷ್ಟೋ ಜನ ಆಡ್ ಬ್ಲಾಕರ್ ಹಾಕಿರುವವರು. ಎಂಜಿನಿಯರಿಂಗ್ ಹುಡುಗರು ತಾನೇ, ನಾವೂ ಹಾಕಿದ್ದೆವು! ರಜದಲ್ಲಿ ಗ್ರಾಫ್ ಬಿದ್ದಿದ್ದು ನೋಡಲಾರದೆ ಚನ್ನರಾಯಪಟ್ಟಣದವನು ಹಾಸ್ಟೆಲ್ ಗ್ರೂಪಿನಲ್ಲಿ ಮೆಸೇಜ್ ಹಾಕಿದ: "ಎಲ್ರೂ ಒಂದ್ಸಲ ಸೈಟ್ ಓಪನ್ ಮಾಡಿ, ಆಡ್ ಮೇಲೆ ಕ್ಲಿಕ್ ಮಾಡ್ರೋ." ಸ್ನೇಹಿತರು ಪ್ರೀತಿಯಿಂದ ಮಾಡಿದರು, ಒಂದು ಸಲ ಅಲ್ಲ, ಹತ್ತು ಸಲ.

ಹಾಸ್ಟೆಲ್ ವೈಫೈನಲ್ಲಿ ಇರುವ ಎಲ್ಲ ಫೋನ್‌ಗಳೂ ನ್ಯಾಟ್ ಮೂಲಕ ಹೊರಗೆ ಹೋಗೋದು. ನೆಟ್‌ವರ್ಕ್ಸ್ ಪಾಠದಲ್ಲಿ ಓದಿದ್ದು ನೆನಪಾಯ್ತಾ? ಹೊರಗಿನ ಸರ್ವರ್‌ಗೆ ನಲವತ್ತು ಫೋನ್ ಕಾಣಲ್ಲ, ಒಂದೇ ಐಪಿ ವಿಳಾಸದಿಂದ ನೂರಾರು ಕ್ಲಿಕ್ ಕಾಣುತ್ತೆ. ಮೂರು ದಿನದಲ್ಲಿ ಖಾತೆ ಬಂದ್. ಸೇರಿದ್ದ 43 ಡಾಲರೂ ಹೋಯ್ತು. ನಮ್ಮ ಆಡ್ ನಾವೇ ಒತ್ತಬಾರದು, ಬೇರೆಯವರಿಗೆ ಒತ್ತಿ ಅಂತ ಹೇಳಲೂಬಾರದು ಅನ್ನೋದು ಎಲ್ಲ ಜಾಲಗಳಲ್ಲೂ ಇರುವ ನಿಯಮ. ಯಾರೂ ಕೊಳ್ಳದ ಕ್ಲಿಕ್‌ಗೆ ದುಡ್ಡು ಕೊಡುವವನು ಎಲ್ಲೋ ಒಬ್ಬ ಅಂಗಡಿಯವನು ಅಂತ ಆಮೇಲೆ ಹೊಳೆಯಿತು. ನಾವು ಮಾಡಿದ್ದು ತಮಾಷೆ ಅಲ್ಲ, ಅವನ ಜೇಬಿಗೆ ಕೈ ಹಾಕಿದ್ದು.

ನಿಯಮ ನಾವು ಮುರಿಯದಿದ್ದರೂ ನೆಲ ಅಲುಗಾಡಬಹುದು. 2017ರಲ್ಲಿ ದೊಡ್ಡ ಕಂಪನಿಗಳು ಯೂಟ್ಯೂಬ್‌ನಿಂದ ಜಾಹೀರಾತು ಹಿಂತೆಗೆದುಕೊಂಡಾಗ, ಏನೂ ತಪ್ಪು ಮಾಡದ ಚಾನೆಲ್‌ಗಳ ಆದಾಯವೂ ಬಿತ್ತು. 2020ರ ಜೂನ್ 29ರಂದು ಸರ್ಕಾರ 59 ಆಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್‌ನಲ್ಲಿ ಹೆಸರು ಮಾಡಿದ್ದವರ ಫಾಲೋವರ್ಸ್ ರಾತ್ರೋರಾತ್ರಿ ಇಲ್ಲವಾದರು.

ಹೊಳೆನರಸೀಪುರದವನ ಮೆಸ್ ದುಡ್ಡು

ಈ ಭಾಗ ಬರೆಯೋಣ ಅಂತ ಹೇಳಿದ್ದು ಅವನೇ.

ಸೈಟಿನ ಖಾತೆ ಹೋದ ವಾರದಲ್ಲೇ ಅವನಿಗೆ ಒಂದು ಮೆಸೇಜ್ ಬಂತು. ವಿಡಿಯೊ ಲೈಕ್ ಮಾಡಿ, ಸ್ಕ್ರೀನ್‌ಶಾಟ್ ಕಳಿಸಿ, ದುಡ್ಡು ತಗೊಳ್ಳಿ. ಮಾಡಿದ, 150 ರೂಪಾಯಿ ನಿಜವಾಗಿಯೂ ಬಂತು! ಮರುದಿನ "ಪ್ರೀಪೇಯ್ಡ್ ಟಾಸ್ಕ್": 1,000 ಕಟ್ಟಿದರೆ 1,300 ವಾಪಸ್. ಅದೂ ಬಂತು. ಮೂರನೇ ಸಲ 6,500 ಕಟ್ಟಿದ. ಅದು ಮನೆಯಿಂದ ಮೆಸ್ ಬಿಲ್‌ಗೆ ಅಂತ ಬಂದಿದ್ದ ದುಡ್ಡು. ಆಮೇಲೆ "ನಿಮ್ಮ ಖಾತೆ ಫ್ರೀಜ್ ಆಗಿದೆ, ಬಿಡಿಸೋಕೆ ಇನ್ನೂ 12,000 ಕಟ್ಟಿ." ಎರಡು ದಿನ ನಮಗೂ ಹೇಳಲಿಲ್ಲ, ಊಟಕ್ಕೂ ಸರಿಯಾಗಿ ಬರಲಿಲ್ಲ. ಮೂರನೇ ರಾತ್ರಿ ಹೇಳಿದಾಗ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ದುಡ್ಡು ವಾಪಸ್ ಬಂದಿಲ್ಲ. ಮೊದಲ ದಿನವೇ ಹೇಳಿದ್ದರೆ ಹಣ ಮುಂದೆ ಹೋಗದಂತೆ ತಡೆಯುವ ಅವಕಾಶ ಹೆಚ್ಚಿರುತ್ತಿತ್ತು. ನಾಚಿಕೆಯಲ್ಲಿ ಕಳೆದ ಆ ಎರಡು ದಿನ ದುಬಾರಿ ಆಯ್ತು.

ಇದು ಹೊಸ ಆಟ ಅಲ್ಲ. 2017ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಪೊಲೀಸರು ನೋಯ್ಡಾದ 'ಸೋಷಿಯಲ್ ಟ್ರೇಡ್' ವ್ಯವಹಾರವನ್ನು ಬಯಲಿಗೆ ತಂದರು. ದುಡ್ಡು ಕಟ್ಟಿ ಸದಸ್ಯರಾಗಬೇಕು, ಆಮೇಲೆ ಕ್ಲಿಕ್‌ಗೆ 5 ರೂಪಾಯಿ ಅಂತ ಆಸೆ ತೋರಿಸಿದ್ದರು. ಪೊಲೀಸರು ಹೇಳಿದ ಮೊತ್ತ ಸುಮಾರು 3,700 ಕೋಟಿ ರೂಪಾಯಿ, ಕಟ್ಟಿದವರು ಲಕ್ಷಗಟ್ಟಲೆ ಜನ. ಮೇಲೆ ಮಾಡಿದ ಲೆಕ್ಕವನ್ನು ಮತ್ತೆ ನೋಡಿ. ಸಾವಿರ ವೀಕ್ಷಣೆಗೆ ಇಪ್ಪತ್ತೋ ಮೂವತ್ತೋ ರೂಪಾಯಿ ಸಿಗುವ ಮಾರುಕಟ್ಟೆಯಲ್ಲಿ, ಬರೀ ಕ್ಲಿಕ್ ಮಾಡುವವನಿಗೆ ಐದು ರೂಪಾಯಿ ಎಲ್ಲಿಂದ ಬರುತ್ತೆ? ಹೊಸದಾಗಿ ಸೇರುವವನ ಜೇಬಿನಿಂದ. ನಿಜವಾದ ಜಾಹೀರಾತು ವ್ಯವಹಾರದಲ್ಲಿ ದುಡ್ಡು ನಮ್ಮ ಕಡೆಗೆ, ನಿಧಾನವಾಗಿ ಬರುತ್ತೆ. ಮೊದಲು ನೀವು ಕಟ್ಟಿ ಅಂದರೆ ಅದು ಜಾಹೀರಾತೇ ಅಲ್ಲ.

ಈಗ ಎಲ್ಲಿದ್ದೇವೆ?

ಚಾನೆಲ್ ಖಾತೆಯಲ್ಲಿ 61 ಡಾಲರ್ ಇದೆ. ಸ್ಕ್ರೀನ್ ಮೇಲೆ ಇದೆ, ಬ್ಯಾಂಕಿಗೆ ಬಂದಿಲ್ಲ. ನಿಜವಾಗಿ ಕೈಗೆ ಸಿಕ್ಕಿದ ಮೊದಲ ದುಡ್ಡು 500 ರೂಪಾಯಿ, ಅದು ಕೊಟ್ಟಿದ್ದು ಕಾಲೇಜು ಹತ್ತಿರದ ಜೆರಾಕ್ಸ್ ಅಂಗಡಿಯಣ್ಣ. ಪರೀಕ್ಷೆ ತಿಂಗಳಲ್ಲಿ ನೋಟ್ಸ್ ಪೇಜಿನ ಮೇಲೆ ಅವರ ಅಂಗಡಿಯ ಬ್ಯಾನರ್ ಹಾಕಿದ್ದೆವು. ಯಾರೂ ಕ್ಲಿಕ್ ಮಾಡಬೇಕಿಲ್ಲ, ಪಿಡಿಎಫ್ ಇಳಿಸಿಕೊಂಡವರು ಪ್ರಿಂಟ್‌ಗೆ ಅಲ್ಲಿಗೇ ಹೋಗ್ತಾರೆ. ನಡುವೆ ಹರಾಜಿಲ್ಲ, ಡಾಲರ್ ಇಲ್ಲ. ಮುಂದಿನ ಸೆಮಿಸ್ಟರ್‌ಗೂ ಹಾಕಿ ಅಂದಿದ್ದಾರೆ.

ಶುರು ಮಾಡಬೇಡಿ ಅಂತ ನಾವು ಹೇಳಲ್ಲ. ಸೈಟ್ ಕಟ್ಟಿದ್ದು, ವಿಡಿಯೊ ಎಡಿಟ್ ಮಾಡಿದ್ದು, ಕನ್ನಡದಲ್ಲಿ ಸ್ಕ್ರಿಪ್ಟ್ ಬರೆದಿದ್ದು ಎಲ್ಲ ನಮ್ಮ ಹತ್ತಿರವೇ ಉಳಿದಿದೆ. 18 ತುಂಬಿದ್ದರೆ ಸ್ವಂತ ಹೆಸರಲ್ಲಿ ಖಾತೆ ತೆಗೀರಿ. ಬೇರೆಯವರ ನೋಟ್ಸ್ ಸ್ಕ್ಯಾನ್ ಮಾಡಿ ಹಾಕಬೇಡಿ, ಹಬ್ಬದ ವಿಡಿಯೊ ಜೊತೆಗೆ ವರ್ಷವೆಲ್ಲ ಹುಡುಕುವಂಥದ್ದೂ ನಾಲ್ಕು ಮಾಡಿ. ಆ ದುಡ್ಡು ಬರುತ್ತೆ ಅಂತ ಫೀಸು, ಮೆಸ್ ಬಿಲ್ ಮಾತ್ರ ಅದರ ಮೇಲೆ ಇಡಬೇಡಿ. ಅರಕಲಗೂಡಿನವನ ತಂದೆ ತಂಬಾಕಿನ ಜೊತೆ ರಾಗಿಯನ್ನೂ ಹಾಕ್ತಾರೆ. ಹರಾಜಿನಲ್ಲಿ ರೇಟು ಬಿದ್ದ ವರ್ಷವೂ ಮನೆಯಲ್ಲಿ ಮುದ್ದೆಗೆ ತೊಂದರೆ ಇರಬಾರದು ಅಂತ.

ಹೊಳೆನರಸೀಪುರದವನ ಮೆಸ್ ಬಿಲ್ ಆ ತಿಂಗಳು ನಾವು ಮೂವರು ಹಂಚಿಕೊಂಡೆವು. ಜೆರಾಕ್ಸ್ ಅಂಗಡಿಯಣ್ಣನ 500 ಕೂಡ ಅದಕ್ಕೇ ಹೋಯ್ತು. ಮೊನ್ನೆ ಹಬ್ಬಕ್ಕೆ ಊರಿಗೆ ಹೋದಾಗ ಅವನು ಮನೆಯಲ್ಲಿ ಎಲ್ಲ ಹೇಳಿದನಂತೆ. ಬೈದರಾ ಅಂತ ಕೇಳಿದ್ವಿ. "ಅಮ್ಮ ಒಂದೇ ಕೇಳಿದ್ರು, ಆ ಎರಡು ದಿನ ಊಟ ಮಾಡಿದ್ಯೇನೋ ಅಂತ" ಅಂದ.