ಗೊಡ್ಡು ಮತ್ತು ದಡ್ಡ

ನಮ್ಮ ಆಡುನುಡಿಯಲ್ಲಿ ಎರಡು ಮಾತುಗಳುಂಟು. ಗಬ್ಬ ನಿಲ್ಲದ ಹಸುವಿಗೆ ಗೊಡ್ಡು ಎನ್ನುತ್ತೇವೆ. ಓದು ಹತ್ತದ ಹುಡುಗನಿಗೆ ದಡ್ಡ ಎನ್ನುತ್ತೇವೆ. ಈ ಹೆಸರುಗಳನ್ನು ನಾವು ಪರೀಕ್ಷಿಸಿ ಕೊಡುವುದಿಲ್ಲ, ನೋಡಿದೊಡನೆ ಕೊಟ್ಟುಬಿಡುತ್ತೇವೆ. ಆಮೇಲೆ ಹಸು ಸಂತೆಯ ದಾರಿ ಹಿಡಿಯುತ್ತದೆ, ಹುಡುಗ ಶಾಲೆಯ ದಾರಿ ಬಿಡುತ್ತಾನೆ. ನಾನು ಪಶುವೈದ್ಯನಲ್ಲ, ಉಪಾಧ್ಯಾಯನೂ ಅಲ್ಲ. ಆದರೂ ಈ ಎರಡು ವಿಷಯಗಳನ್ನು ಕುರಿತು ಬಲ್ಲವರು ಬರೆದುದನ್ನು ಓದುತ್ತ ಹೋದಂತೆ, ನಮ್ಮ ತೀರ್ಪು ಎಷ್ಟು ಅವಸರದ್ದೆಂಬುದು ಮನಸ್ಸಿಗೆ ನಾಟಿತು.

ಮೊದಲು ಕೊಟ್ಟಿಗೆಯ ಸಂಗತಿ. ಬೀಜದ ಹೋರಿಯ ಹಿಣಿಲು ಎತ್ತರವಾಗಿದ್ದು ಮೈ ಮಿರುಗುತ್ತಿದ್ದರೆ ಸಾಕು, ಅದರ ಮೇಲೆ ಯಾರಿಗೂ ಸಂಶಯ ಬಾರದು. ಬೆದೆಗೆ ಬಂದ ಹಸುವನ್ನು ಮೂರು ಸಲ ಅದರ ಬಳಿಗೆ ಹೊಡೆದುಕೊಂಡು ಹೋಗಿಯೂ ಫಲವಾಗದಿದ್ದರೆ ತಪ್ಪೆಲ್ಲ ಹಸುವಿನದೇ. (ಹೆಂಗಸರ ವಿಷಯದಲ್ಲಿ ನಮ್ಮ ಮನೆಗಳ ನ್ಯಾಯ ಇದಕ್ಕಿಂತ ಬೇರೆಯೇ ಎಂಬುದನ್ನು ಓದುಗರೇ ಯೋಚಿಸಲಿ.)

ಶಾಸ್ತ್ರ ಹೇಳುವುದು ಬೇರೆ. ಹೋರಿಯ ವೃಷಣಗಳು ದೇಹದ ಹೊರಗೆ ತೂಗುವುದು ವ್ಯರ್ಥಕ್ಕಲ್ಲ. ಮೈಯ ಶಾಖಕ್ಕಿಂತ ಕೆಲವು ಡಿಗ್ರಿ ತಂಪಿದ್ದರೆ ಮಾತ್ರ ಅಲ್ಲಿ ವೀರ್ಯಾಣುಗಳು ಸರಿಯಾಗಿ ಬೆಳೆಯುತ್ತವೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 61 ದಿನ ಬೇಕು. ಹೋರಿಗೆ ಕಾಲುಬಾಯಿ ಜ್ವರ ಬಂದು ಹೋಯಿತೆನ್ನಿ. ಅದು ಚೇತರಿಸಿಕೊಂಡು ಹುಲ್ಲು ಮೇಯತೊಡಗಿದರೂ, ಜ್ವರದ ಬಿಸಿಗೆ ಕೆಟ್ಟ ವೀರ್ಯಾಣುಗಳು ವಾರಗಳ ತರುವಾಯ ಹೊರಬೀಳುತ್ತವೆ. ಆ ವಾರಗಳಲ್ಲಿ ಬಂದ ಹಸುಗಳ ಪಾಲಿಗೆ ಗೊಡ್ಡೆಂಬ ಹೆಸರು! ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿಯ ಕಥೆ ಇನ್ನೂ ವಿಚಿತ್ರ. ಅದು ಹೋರಿಯ ಜನನಾಂಗದ ತೊಗಲಿನ ಮಡಿಕೆಗಳಲ್ಲಿ ಬಹುಕಾಲ ಅಡಗಿರುತ್ತದೆ. ಹೋರಿಗೆ ನೋವಿಲ್ಲ, ಬಾವಿಲ್ಲ, ಮೇವಿನಲ್ಲಿ ಅರುಚಿಯಿಲ್ಲ. ಹಸುವಿಗೆ ದಾಟಿದಾಗ ಮಾತ್ರ ಎಳೆಯ ಗರ್ಭ ಕರಗಿಹೋಗುತ್ತದೆ.

ಗಂಡಿನ ಪಾಲನ್ನು ಬೇರೆಯಾಗಿ ತೆಗೆದು ನೋಡಬಹುದೆಂಬ ಅರಿವು ಹಳೆಯದು. ಇಟಲಿಯ ಸ್ಪಲಾನ್ಸಾನಿ 1780ರಲ್ಲಿ ಹೆಣ್ಣು ನಾಯಿಯೊಂದಕ್ಕೆ ಕೃತಕವಾಗಿ ವೀರ್ಯವಿಳಿಸಿದನು. 62 ದಿನಗಳ ಬಳಿಕ ಅದು ಮೂರು ಮರಿ ಹಾಕಿತು. ಭಾರತದಲ್ಲಿ ಈ ವಿಧಾನ ಮೊದಲು ನಡೆದದ್ದು 1939ರಲ್ಲಿ, ನಮ್ಮ ಮೈಸೂರಿನ ಅರಮನೆಯ ಹೈನು ಫಾರಮ್ಮಿನಲ್ಲಿ; ನಡೆಸಿದವರು ಸಂಪತ್ ಕುಮಾರನ್. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು, ಗ್ಲಿಸರಿನ್ ಬೆರೆಸಿದರೆ ವೀರ್ಯಾಣು ಹೆಪ್ಪುಗಟ್ಟಿಯೂ ಬದುಕುವುದೆಂದು ತೋರಿಸಿದರು. ಇಂದು ಹೆಸರಘಟ್ಟದಂಥ ಕೇಂದ್ರಗಳಲ್ಲಿ ಕಾಲು ಮಿಲಿಲೀಟರಿನ ಕಡ್ಡಿಗಳಲ್ಲಿ ತುಂಬಿದ ವೀರ್ಯವು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಮಲಗಿರುತ್ತದೆ. ಅಲ್ಲಿ ಹೋರಿಯ ಹಿಣಿಲನ್ನು ಕಂಡು ಯಾರೂ ಮರುಳಾಗುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಚಲನೆ ನೋಡಿ, ರೋಗ ಪರೀಕ್ಷಿಸಿ, ಸಲ್ಲದ್ದನ್ನು ಚೆಲ್ಲುತ್ತಾರೆ. ಹಾಗಿದ್ದೂ ಚೆನ್ನಾಗಿ ಈಜುವ ವೀರ್ಯಾಣುವೆಲ್ಲ ಗರ್ಭ ಕಟ್ಟಿಸದು. ಆದ್ದರಿಂದಲೇ ಸಂಶೋಧನೆ ನಿಂತಿಲ್ಲ.

ಹಸುವಿನಿಂದ ಹುಡುಗನಿಗೆ ಜಿಗಿದನೆಂದು ಯಾರೂ ಮುನಿಯಬಾರದು. ಅಲ್ಲಿಂದ ಇಲ್ಲಿಗೆ ಜಿಗಿಯುವುದು ನಾನಲ್ಲ, ನಮ್ಮ ತೀರ್ಪಿನ ಚಾಳಿ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯನು 14 ವರ್ಷದ ಹುಡುಗನೊಬ್ಬನ ವಿಷಯ ಬರೆದನು. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಜಾಣ; ಅಚ್ಚಿನ ಅಕ್ಷರ ಮಾತ್ರ ಕೈಗೆ ಸಿಗದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಇವನೇ ಮೊದಲಿಗನೆಂದು ಅವನ ಮೇಷ್ಟ್ರು ನಂಬಿದ್ದರಂತೆ. 1905ರಲ್ಲಿ ಪ್ಯಾರಿಸಿನ ಬಿನೆ ಮತ್ತು ಸಿಮೊನ್ ಬುದ್ಧಿಪರೀಕ್ಷೆಯನ್ನು ರಚಿಸಿದ್ದು ಯಾವ ಮಗುವಿಗೆ ಹೆಚ್ಚಿನ ನೆರವು ಬೇಕೆಂದು ತಿಳಿಯಲು. ಅದನ್ನು ಬಿರುದು ಹಂಚಲು ಬಳಸಿದವರು ಬೇರೆಯವರು.

ಕನ್ನಡದ ಮಗುವಿನ ಕಷ್ಟವೇ ಬೇರೆ ಬಗೆಯದು. ಕಾಗುಣಿತ, ಒತ್ತಕ್ಷರ ಸೇರಿದರೆ ಅದು ಗುರುತಿಡಬೇಕಾದ ರೂಪಗಳು ನೂರಾರು. ನಾಲ್ಕನೆಯ, ಐದನೆಯ ತರಗತಿಯವರೆಗೂ ಆ ಕಲಿಕೆ ನಡೆದೇ ಇರುತ್ತದೆ. ಸೂರ್ಯ ಎಂಬ ಪದವನ್ನೇ ನೋಡಿ. ನಾಲಗೆಯ ಮೇಲೆ ರಕಾರ ಮುಂಚೆ, ಯಕಾರ ಆಮೇಲೆ. ಬರೆಹದಲ್ಲಿ ಯಕಾರ ಮುಂದೆ ನಿಂತು ಅರ್ಕಾವೊತ್ತು ಹಿಂದೆ ಬೀಳುತ್ತದೆ. ಇಲ್ಲಿ ತಡವರಿಸಿದ ಹುಡುಗನಿಗೆ ನೂರು ಸಲ ಬರೆಯುವ ಶಿಕ್ಷೆಯಿಂದ ಏನಾದೀತು? ಪಕ್ಕದಲ್ಲಿ ಕುಳಿತು, ಅವನು ಯಾವ ಅಕ್ಷರದಲ್ಲಿ ನಿಂತನೆಂದು ಕೇಳಿಸಿಕೊಂಡು, ಆ ಪದವನ್ನು ಬಿಡಿಸಿ ಉಚ್ಚರಿಸಿ, ಮರಳಿನ ಮೇಲೆ ಬೆರಳಿನಿಂದ ತಿದ್ದಿಸುವವರು ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾನೂನು ಇಂಥ ಕಲಿಕೆಯ ತೊಡಕನ್ನು ಹೆಸರಿಟ್ಟು ಒಪ್ಪಿಕೊಂಡಿದೆ. ಆದರೆ ಕಾನೂನಿನ ಹೆಸರು ಉದ್ದ. ತರಗತಿಯ ಹಿಂದಿನ ಬೆಂಚಿಗೆ ಇನ್ನೂ ಎರಡಕ್ಷರದ ಹೆಸರೇ ಸಾಕಾಗಿದೆ.