ಮುರಕಲ್ಲಿನಡಿಯ ಬೆಂಕಿಯ ಗುರುತು, ಆಕಾಶದಿಂದ

ಉಪ್ಪಿನಂಗಡಿಯಿಂದ ಕಡಬದ ಕಡೆ ಹೋಗುವಾಗ, ಆತೂರು, ರಾಮಕುಂಜದ ಆಸುಪಾಸಿನಲ್ಲಿ ಗುಡ್ಡ ಕಡಿದ ಜಾಗಗಳಲ್ಲಿ ನೆಲದ ಒಳಮೈ ಕಾಣುತ್ತದೆ. ಮೇಲೆ ಕೆಂಪು ಮುರಕಲ್ಲು, ಕೆಳಗೆ ಬಿಳಿ, ಹಳದಿ ಬಣ್ಣದ ಶೇಡಿಮಣ್ಣು. ಗಟ್ಟಿ ಕಲ್ಲು ನೋಡಬೇಕಾದರೆ ಬೇಸಗೆಯಲ್ಲಿ ಕುಮಾರಧಾರೆಯ ಹೊಳೆಗೆ ಇಳಿಯಬೇಕು, ಇಲ್ಲವೇ ಬೋರು ಕೊರೆಸಬೇಕು. ಬೋರ್‌ವೆಲ್ ಲಾರಿಯ ಬದಿಯಲ್ಲಿ, ನೀರು ಬಂದೀತೇ ಎಂದು ಕಾಯುತ್ತ ನಿಂತ ಅಡಿಕೆ ಕೃಷಿಕರಿಗೆ ಈ ಲೆಕ್ಕ ಬಾಯಿಪಾಠ: ಹಾರುವ ಪುಡಿ ಮೊದಲು ಕೆಂಪು, ಆಮೇಲೆ ಹಳದಿ, ಕೊನೆಗೆ ಬೂದು. ಬೂದು ಪುಡಿ ನೈಸ್ ಶಿಲೆಯದು. 250 ಕೋಟಿ ವರ್ಷಕ್ಕೂ ಹಳೆಯ ಕಲ್ಲು ಅದು. ಕೆಲವು ಕಡೆ ಮಾತ್ರ ಬೂದು ಪುಡಿ ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ.

ಆ ಕಪ್ಪು ಸಾಮಾನ್ಯವಾಗಿ ಡಾಲರೈಟ್ ಎಂಬ ಕರಿಕಲ್ಲು. ಹಳೆಯ ನೈಸ್ ಶಿಲೆ ಬಿರುಕು ಬಿಟ್ಟಾಗ ಆಳದಿಂದ ಏರಿ ಬಂದ ಶಿಲಾರಸ ಅಲ್ಲೇ ಹೆಪ್ಪುಗಟ್ಟಿ ಗೋಡೆಯಂತೆ ನಿಂತಿದ್ದನ್ನು ಭೂವಿಜ್ಞಾನಿಗಳು ಡೈಕ್ ಎನ್ನುತ್ತಾರೆ. ಇಂಥ ಬಿರುಕುಗಳ ಮೂಲಕವೇ ಶಿಲಾರಸ ನೆಲದ ಮೇಲೆ ಬಂದು ಲಾವಾ ಆಗಿ ಹರಿಯುವುದು. ಮೇಲಿನ ಲಾವಾ ಕೋಟಿಗಟ್ಟಲೆ ವರ್ಷಗಳ ಮಳೆಗೆ ಸವೆದು ಹೋದರೂ ಅದರ ಬೇರು ನೆಲದೊಳಗೆ ಉಳಿಯುತ್ತದೆ. ರಾಮಕುಂಜದ ಅಡಿಯಲ್ಲಿ ಜ್ವಾಲಾಮುಖಿ ಮಲಗಿದೆ ಎಂದು ಯಾರೂ ಹೆದರಬೇಕಾಗಿಲ್ಲ. ಆದರೆ ಕರಾವಳಿಯ ಈ ನೆಲ ಒಂದು ಕಾಲಕ್ಕೆ ಬೆಂಕಿ ಕಂಡದ್ದು ನಿಜ. ಅದಕ್ಕೆ ಸಾಕ್ಷಿ ಮಲ್ಪೆಯ ಎದುರಿಗೇ ಇದೆ.

ಸೈಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳನ್ನು ನೋಡದ ಉಡುಪಿ, ಮಂಗಳೂರಿನವರು ಕಡಿಮೆ. ಲಾವಾ ತಣಿಯುತ್ತ ಕುಗ್ಗುವಾಗ ಸೀಳಿ ಮೂಡಿದ ಕಂಬಗಳವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ (ಜಿಎಸ್‌ಐ) ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಅದು ದಖನ್ನಿನ ಲಾವಾದ ತುಣುಕಿರಬೇಕು ಎಂದು ಹಿಂದೆ ಹಲವರು ಭಾವಿಸಿದ್ದರು. ವಯಸ್ಸು ಅಳೆದಾಗ ಲೆಕ್ಕ ಹೊಂದಲಿಲ್ಲ. ದಖನ್ ಲಾವಾ ಸುಮಾರು 6.6 ಕೋಟಿ ವರ್ಷದ್ದು, ಮಲ್ಪೆಯದು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷದ್ದು. ಆಗಿನ್ನೂ ಭಾರತ ದಕ್ಷಿಣ ಗೋಳಾರ್ಧದಲ್ಲಿತ್ತು, ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಬೇರ್ಪಡುತ್ತಿತ್ತು. 2001ರಲ್ಲಿ ಭೂವಿಜ್ಞಾನಿ ಅನಿಲ್ ಕುಮಾರ್ ಮತ್ತು ಸಂಗಡಿಗರು ಕರ್ನಾಟಕದ ಒಳನಾಡಿನ ಕೆಲವು ಡೈಕುಗಳಿಗೂ ಸುಮಾರು 9 ಕೋಟಿ ವರ್ಷದ ವಯಸ್ಸು ಕಟ್ಟಿ, ಅವೂ ಅದೇ ಬೇರ್ಪಡುವಿಕೆಯ ಕಾಲದವು ಎಂದು ತೋರಿಸಿದರು. ಸಮುದ್ರದ ನಡುವಿನ ದ್ವೀಪಕ್ಕೂ ಒಳನಾಡಿನ ಕರಿಕಲ್ಲಿಗೂ ಹೀಗೆ ನಂಟು ಕೂಡಿತು.

ಎಲ್ಲ ಡೈಕುಗಳೂ ಆ ಕಾಲದವಲ್ಲ. ಇನ್ನೂ ಎಷ್ಟೋ ಹಳೆಯವು ಇವೆ. ಒಂದೊಂದನ್ನೂ ಹುಡುಕಿ, ತುಂಡು ತಂದು, ವಯಸ್ಸು ಅಳೆಯಬೇಕು. ಮೊದಲು ಹುಡುಕಬೇಕಲ್ಲ! ಮುರಕಲ್ಲು ಹೊದ್ದ, ರಬ್ಬರು, ಅಡಿಕೆ, ಕಾಡು ಮುಚ್ಚಿದ ಪುತ್ತೂರು, ಸುಳ್ಯ, ಕಡಬದಂಥ ಸೀಮೆಯಲ್ಲಿ ಸುತ್ತಿಗೆ ಹಿಡಿದು ನಡೆದರೆ ಎಷ್ಟು ಸಿಕ್ಕೀತು? ಇಲ್ಲಿ ನೆರವಿಗೆ ಬರುವುದು ವಿಮಾನ.

ವಿಮಾನದಿಂದ ನೆಲದ ಕಾಂತೀಯತೆಯನ್ನು ಅಳೆಯುವ ಈ ವಿದ್ಯೆ ಪಳಗಿದ್ದು ಯುದ್ಧದ ಕಾಲದಲ್ಲಿ. 1940ರ ಆಸುಪಾಸಿನಲ್ಲಿ ಅಮೆರಿಕದ ಗಲ್ಫ್ ತೈಲ ಕಂಪನಿಯ ಸಂಶೋಧನಾಲಯದಲ್ಲಿದ್ದ ವಿಕ್ಟರ್ ವಾಕಿಯೇ ಅತಿ ಸೂಕ್ಷ್ಮವಾದ ಫ್ಲಕ್ಸ್‌ಗೇಟ್ ಕಾಂತಮಾಪಕವನ್ನು ರೂಪಿಸಿದರು. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ನೀರಿನಡಿಯ ಜಲಾಂತರ್ಗಾಮಿಯ ಉಕ್ಕು ಭೂಮಿಯ ಕಾಂತಕ್ಷೇತ್ರವನ್ನು ಕದಡುವುದನ್ನು ವಿಮಾನದಿಂದಲೇ ಅಳೆದು ಪತ್ತೆ ಹಚ್ಚಲು ನೌಕಾಪಡೆ ಅದನ್ನು ಬಳಸಿತು. ಉಕ್ಕು ಕಂಡೀತಾದರೆ ಕಲ್ಲಿನೊಳಗಿನ ಕಾಂತೀಯ ಖನಿಜ ಮ್ಯಾಗ್ನೆಟೈಟ್ ಕಾಣದೇ? 1944ರಲ್ಲಿ ಪೆನ್ಸಿಲ್ವೇನಿಯಾದ ಬಾಯರ್‌ಟೌನ್ ಬಳಿ, ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದೇ ಉಪಕರಣವನ್ನು ವಿಮಾನದಲ್ಲಿ ಒಯ್ದು ನೆಲದಡಿಯ ಶಿಲೆಗಳನ್ನು ಅಳೆದರು. ಯುದ್ಧದ ಉಪಕರಣ ಭೂವಿಜ್ಞಾನದ ಕೈಗೆ ಬಂದದ್ದು ಹೀಗೆ.

ಜ್ವಾಲಾಮುಖಿಯ ಕಲ್ಲಿಗೆ ಇದು ವಿಶೇಷವಾಗಿ ಹೊಂದಲು ಕಾರಣವಿದೆ. ಡಾಲರೈಟ್, ಬಸಾಲ್ಟ್‌ಗಳಲ್ಲಿ ಮ್ಯಾಗ್ನೆಟೈಟ್ ಕಣಗಳು ಧಾರಾಳ. ಕಾದ ಲಾವಾ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಯುವಾಗ ಆ ಕಣಗಳು ಅಂದಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೋಟಿ ವರ್ಷ ಕಳೆದರೂ ಬಿಡುವುದಿಲ್ಲ. ದಕ್ಷಿಣ ಗೋಳಾರ್ಧದಲ್ಲಿ ಹೆಪ್ಪುಗಟ್ಟಿ ಇಲ್ಲಿಯವರೆಗೆ ತೇಲಿ ಬಂದ ಕಲ್ಲಿನೊಳಗಿನ ಕಾಂತ ಇಂದಿನ ದಿಕ್ಸೂಚಿಯ ಮಾತು ಕೇಳುವುದಿಲ್ಲ, ತನ್ನ ಹುಟ್ಟೂರಿನ ದಿಕ್ಕನ್ನೇ ತೋರಿಸುತ್ತದೆ. ನನಗೆ ಈ ಶಾಸ್ತ್ರದಲ್ಲಿ ಅತ್ಯಂತ ಸೋಜಿಗದ ಸಂಗತಿ ಇದೇ.

ಅಮೆರಿಕದ ನೆವಾಡಾದಲ್ಲಿ ಈ ವಾಯುಗಾಮಿ ಮಾಪನದ ದೊಡ್ಡ ಪರೀಕ್ಷೆ ನಡೆಯಿತು. ಅಣುತ್ಯಾಜ್ಯವನ್ನು ಹೂಳಲು ಯಕ್ಕಾ ಬೆಟ್ಟವನ್ನು ಆರಿಸಿದ್ದರು. ಸಾವಿರಾರು ವರ್ಷ ಭದ್ರವಾಗಿ ಇರಬೇಕಾದ ಆ ಜಾಗದ ಪಕ್ಕದ ಬಯಲಿನಲ್ಲಿ ಮರಳು, ಜಲ್ಲಿಯ ಅಡಿ ಎಷ್ಟು ಜ್ವಾಲಾಮುಖಿಗಳು ಹೂತುಹೋಗಿವೆ ಎಂಬ ಲೆಕ್ಕವಿಲ್ಲದೆ ಮುಂದಿನ ಅಪಾಯವನ್ನು ಅಂದಾಜು ಮಾಡುವುದು ಹೇಗೆ? 1999ರಲ್ಲಿ ಒಮ್ಮೆ, 2004ರಲ್ಲಿ ಇನ್ನಷ್ಟು ಕೆಳಗೆ ಹಾರಿ ಮತ್ತೊಮ್ಮೆ ಅಳೆದರು. ಸಂಶಯ ಬಂದ ಕಡೆ ಕೊರೆದು ನೋಡಿದಾಗ ಕೆಲವೆಡೆ ನಿಜಕ್ಕೂ ಹೂತ ಬಸಾಲ್ಟ್ ಸಿಕ್ಕಿತು. ಎಷ್ಟು ಚೆಂದದ ಕಾಂತೀಯ ನಕ್ಷೆಯಾದರೂ ಕೊನೆಯ ಮಾತು ಬೋರಿನದೇ.

ನಮ್ಮ ದೇಶದಲ್ಲಿ 1967ರಲ್ಲಿ ಅಮೆರಿಕದ ನೆರವಿನೊಂದಿಗೆ ‘ಆಪರೇಷನ್ ಹಾರ್ಡ್ ರಾಕ್’ ಎಂಬ ವಾಯುಗಾಮಿ ಸಮೀಕ್ಷೆ ರಾಜಸ್ಥಾನ, ಬಿಹಾರ, ಆಂಧ್ರಗಳಲ್ಲಿ ನಡೆಯಿತು. ಗುರಿ ತಾಮ್ರ, ಸೀಸದಂಥ ಲೋಹಗಳು. ಅದರ ಬೆನ್ನಿಗೇ ಬೆಳೆದ ಜಿಎಸ್‌ಐನ ವಾಯುಗಾಮಿ ಸಮೀಕ್ಷಾ ವಿಭಾಗಕ್ಕೆ ಬೆಂಗಳೂರೇ ನೆಲೆಯಾಯಿತು. 1980ರ ದಶಕದಲ್ಲಿ ಅದಕ್ಕೆ ಟ್ವಿನ್ ಆಟರ್ ವಿಮಾನ ಬಂತು. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಾಯುಭೂಭೌತಿಕ ನಕ್ಷಾ ಕಾರ್ಯಕ್ರಮದಲ್ಲಿ ವಿಮಾನಗಳು ನೆಲದಿಂದ ಸುಮಾರು 80 ಮೀಟರ್ ಎತ್ತರದಲ್ಲಿ, 300 ಮೀಟರಿಗೊಂದು ಗೆರೆಯಂತೆ, ಗದ್ದೆ ಉಳುವ ಸಾಲಿನ ಹಾಗೆ ಹೋಗಿ ಬಂದು ಮಾಡಿದವು. ಗೆರೆಗಳು ಹತ್ತಿರವಿರಲೇಬೇಕು. ರಾಯಚೂರು, ಅನಂತಪುರ ಸೀಮೆಯಲ್ಲಿ ವಜ್ರಕ್ಕಾಗಿ ಹುಡುಕುವ ಕಿಂಬರ್ಲೈಟ್ ಕೊಳವೆಗಳು ಕೂಡ ಪುರಾತನ ಜ್ವಾಲಾಮುಖಿಗಳ ಗಂಟಲುಗಳೇ. ಎಷ್ಟೋ ಕೊಳವೆಗಳ ಅಗಲ ಕೆಲವು ನೂರು ಮೀಟರ್ ಮಾತ್ರ. ಕಿಲೋಮೀಟರಿಗೊಂದು ಗೆರೆ ಹಾರಿದರೆ ನಡುವೆ ಜಾರಿಹೋಗುತ್ತವೆ.

ಪುಸ್ತಕದ ಪಾಠ ನಮ್ಮ ಊರಿಗೆ ಹಾಗೇ ಹೊಂದುವುದಿಲ್ಲ ಎಂಬುದನ್ನು ಹೇಳಲೇಬೇಕು. ಅಮೆರಿಕ, ಕೆನಡಾಗಳಲ್ಲಿ ಭೂಮಿಯ ಕಾಂತರೇಖೆಗಳು ಕಡಿದಾಗಿ ನೆಲದೊಳಗೆ ಇಳಿಯುತ್ತವೆ, ಇಂದಿನ ದಿಕ್ಕಿಗೇ ಕಾಂತಗೊಂಡ ಕಲ್ಲಿನ ಮೇಲೆ ಮಾಪನ ಏರುತ್ತದೆ. ಕಾಂತೀಯ ಸಮಭಾಜಕ ತಮಿಳುನಾಡಿನ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ ಪುತ್ತೂರಿನ ಕಡೆ ಆ ರೇಖೆಗಳು ಹೆಚ್ಚುಕಡಿಮೆ ಅಡ್ಡ ಮಲಗಿವೆ. ಹಾಗಾಗಿ ಅಂಥ ಕಲ್ಲಿನ ನೆತ್ತಿಯ ಮೇಲೆ ಮಾಪನ ಏರುವ ಬದಲು ಇಳಿಯುತ್ತದೆ, ನಕ್ಷೆಯಲ್ಲಿ ಕರಿಕಲ್ಲು ಗುಂಡಿಯಾಗಿ ಕಾಣುತ್ತದೆ. ಇನ್ನೂ ಕಷ್ಟವೆಂದರೆ, ಪೂರ್ವ–ಪಶ್ಚಿಮವಾಗಿ ಮಲಗಿದ ಡೈಕ್ ಚೆನ್ನಾಗಿ ಕಂಡರೆ ಉತ್ತರ–ದಕ್ಷಿಣವಾಗಿ ಓಡುವ ಡೈಕ್ ಬಹುಮಟ್ಟಿಗೆ ಅಡಗಿಕೊಳ್ಳುತ್ತದೆ. ಕರಾವಳಿಗೆ ಸಮಾನಾಂತರವಾಗಿ ಸಾಗುವ ಡೈಕುಗಳಿಗೆ ಈ ಕಣ್ಣಾಮುಚ್ಚಾಲೆ ಹೆಚ್ಚು. ಸಾಲದ್ದಕ್ಕೆ ಮುರಕಲ್ಲಿನಲ್ಲೇ ಕೆಲವೆಡೆ ಮ್ಯಾಗೆಮೈಟ್ ಎಂಬ ಕಾಂತೀಯ ಖನಿಜ ಚದುರಿದ್ದು ಆಳದ ಸದ್ದಿನ ಮೇಲೆ ತನ್ನ ಗದ್ದಲ ಸೇರಿಸುತ್ತದೆ. ನಮ್ಮಲ್ಲಿ ಒಟ್ಟು ಕಾಂತಕ್ಷೇತ್ರ 40,000 ನ್ಯಾನೋಟೆಸ್ಲಾದ ಆಸುಪಾಸು. ಹೂತ ಡೈಕ್ ಅದರಲ್ಲಿ ತರುವ ವ್ಯತ್ಯಾಸ ಹತ್ತಾರು, ಹೆಚ್ಚೆಂದರೆ ಕೆಲವು ನೂರು. ನಡುಹಗಲಲ್ಲಿ ಸೂರ್ಯನ ಪ್ರಭಾವದಿಂದ ಆಗುವ ಏರಿಳಿತವೂ ಹತ್ತಾರು ನ್ಯಾನೋಟೆಸ್ಲಾ ಇರುವುದರಿಂದ, ವಿಮಾನ ಹಾರುವಾಗ ನೆಲದ ಮೇಲೂ ಒಂದು ಮಾಪಕ ಇಟ್ಟು ಅದನ್ನು ಕಳೆಯುತ್ತಾರೆ.

ಇದರಿಂದ ನಮಗೇನು ಎಂದು ಕೃಷಿಕರು ಕೇಳಿದರೆ ಉತ್ತರವಿದೆ. ಡೈಕ್ ಕೆಲವೆಡೆ ನೆಲದಡಿಯ ನೀರಿಗೆ ಅಡ್ಡ ಕಟ್ಟೆಯಾಗುತ್ತದೆ, ಕೆಲವೆಡೆ ಅದರ ಅಂಚಿನ ಬಿರುಕುಗಳೇ ನೀರಿನ ದಾರಿಯಾಗುತ್ತವೆ. ಅದು ಎಲ್ಲಿದೆ, ಯಾವ ದಿಕ್ಕಿಗೆ ಓಡುತ್ತದೆ ಎಂದು ತಿಳಿದು ಬೋರಿಗೆ ಜಾಗ ಗುರುತಿಸುವುದು, ಸಾಲ ಮಾಡಿ ಕುರುಡಾಗಿ ಕೊರೆಸುವುದಕ್ಕಿಂತ ಮೇಲು.

ಜಿಎಸ್‌ಐನ ಭೂವೈಜ್ಞಾನಿಕ ನಕ್ಷೆಗಳು, ಮಾಪನದ ದತ್ತಾಂಶಗಳು ‘ಭೂಕೋಶ್’ ಜಾಲತಾಣದಲ್ಲಿ ಸಾರ್ವಜನಿಕರಿಗೆ ಸಿಗುತ್ತವೆ. ಪುತ್ತೂರು, ಸುಳ್ಯ, ಕಡಬದ ಶಾಲೆ ಕಾಲೇಜುಗಳ ವಿಜ್ಞಾನ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ: ಒಂದು ತರಗತಿಯಲ್ಲಿ ಅದನ್ನು ತೆರೆದು ಮಕ್ಕಳಿಗೆ ಅವರ ಊರಿನ ನಕ್ಷೆ ತೋರಿಸಿ. ಊರಿನಲ್ಲಿ ಎಲ್ಲೆಲ್ಲಿ ಬೋರಿನ ಪುಡಿ ಕಪ್ಪಾಗಿ ಬಂದಿತ್ತು ಎಂದು ಮನೆಯ ಹಿರಿಯರಿಂದ ಕೇಳಿ ಬರೆಸಿ, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.